ಜಗುಲಿಯ ಮೇಲಿನ ವೆಲ್ಡಿಂಗ್ ಪೆಟ್ಟಿಗೆ

ನಮ್ಮ ವರ್ಕ್‌ಶಾಪಿನಲ್ಲಿ ಈಗ ವೆಲ್ಡಿಂಗಿಗೆ ಮಿಗ್ ಮೆಷಿನ್ ಇದೆ. ತಂತಿ ತಾನಾಗಿಯೇ ಮುಂದೆ ಬರುತ್ತದೆ, ಪಕ್ಕದ ಸಿಲಿಂಡರಿನಿಂದ ಗ್ಯಾಸು ಬರುತ್ತದೆ. ಆ ಗ್ಯಾಸು ಚದುರಬಾರದೆಂದು ನನ್ನ ಮಗ ಬೇಸಿಗೆಯಲ್ಲೂ ಫ್ಯಾನು ಹಾಕಲು ಬಿಡುವುದಿಲ್ಲ. ಕೆಲಸ ಶುರುಮಾಡುವ ಮುಂಚೆ ಅವನು ಪ್ರತಿಸಲವೂ ‘ಕಣ್ಣು’ ಎಂದು ಕೂಗುತ್ತಾನೆ. ಹೊಸ ಗಿರಾಕಿಗಳು ಇದೇನಪ್ಪಾ ಎಂದು ಅವನ ಮುಖ ನೋಡುತ್ತಾರೆ. ಹಾಗೆ ಕೂಗುವುದನ್ನು ಕಲಿಸಿದವರು ಯಾವ ಫ್ಯಾಕ್ಟರಿಯವರೂ ಅಲ್ಲ, ನಮ್ಮತ್ತೆ. ಅವರು ಕಲಿತ ಬಗೆಯನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ, ಆಗ ಮಾತ್ರ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊಸಕೆರೆಹಳ್ಳಿಯಿಂದ ನಾನು ಮದುವೆಯಾಗಿ ಬಂದಾಗ ಈ ಮನೆಯ ಸುತ್ತ ಹೊಲವಿದ್ದದ್ದು ಮಾತಿನಲ್ಲಿ ಮಾತ್ರ ಉಳಿದಿತ್ತು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಜಯನಗರದ ರಸ್ತೆಗಳು ನೇರವಾಗಿ ಗೀಟು ಎಳೆದಂತೆ ಬಂದಿದ್ದವು. ನಮ್ಮವರಿಗೆ ಉಳಿದದ್ದು ಹೆಂಚಿನ ಮನೆ, ಅದರ ಹಿಂದೆ ಒಂದು ತುಳಸಿಕಟ್ಟೆ, ಒಂದು ಕೊಟ್ಟಿಗೆ. ಮೇಯಲು ಜಾಗವಿಲ್ಲವೆಂದು ಹಸುವನ್ನು ಕೊಟ್ಟುಬಿಟ್ಟಿದ್ದರು. ಆದರೂ ಅತ್ತೆ ದಿನವೂ ಆ ಖಾಲಿ ಕೊಟ್ಟಿಗೆಯನ್ನು ಗುಡಿಸುತ್ತಿದ್ದರು. ಮೂಲೆಯಲ್ಲಿ ಹುಲ್ಲು ಹಾಗೆಯೇ ಒಟ್ಟಿತ್ತು. ಇನ್ನೊಂದು ಹಸು ಬಂದೇ ಬರುತ್ತದೆ ಎಂಬ ಧೈರ್ಯ ಅವರದು. ಎಲ್ಲಿಂದ ಬರುತ್ತದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ನಮ್ಮ ಯಜಮಾನರು ಊರಿನ ಆ ತುದಿಯ ಒಂದು ಫ್ಯಾಕ್ಟರಿಯಲ್ಲಿ ವೆಲ್ಡರ್ ಆಗಿದ್ದರು. ಬೆಳಕು ಹರಿಯುವ ಮುಂಚೆ ಸೈಕಲ್ ಹತ್ತಿ ಹೋದರೆ ಬರುವ ಹೊತ್ತಿಗೆ ಕತ್ತಲು. ಮದುವೆಯಾದ ಹೊಸದರಲ್ಲಿ ನಾನು ಅವರ ಮುಖಕ್ಕಿಂತ ಹೆಚ್ಚಾಗಿ ಅವರ ಸೈಕಲ್ಲಿನ ಹಿಂಭಾಗವನ್ನೇ ನೋಡಿದ್ದೇನೆ. ಸುತ್ತಲೂ ಹೊಸ ಮನೆಗಳು ಏಳುತ್ತಿದ್ದವು, ಎಲ್ಲರಿಗೂ ಕಿಟಕಿಯ ಗ್ರಿಲ್ಲು ಬೇಕು, ಗೇಟು ಬೇಕು. ಸ್ವಂತದ್ದೊಂದು ಮೆಷಿನ್ ಹಾಕಿಕೊಂಡರೆ ಫ್ಯಾಕ್ಟರಿ ಬಿಡಬಹುದು ಎಂದು ಇವರು ಹೇಳಿದ ದಿನ ನನಗೆ ಆದ ಸಂತೋಷವನ್ನು ಮುಚ್ಚಿಟ್ಟುಕೊಳ್ಳಲು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದೆ. ಮೆಷಿನ್ ನಿಂತರೆ ಗಂಡ ಮನೆಯಲ್ಲಿರುತ್ತಾನೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಅತ್ತೆಗೆ ಬೇಡವಾಗಿತ್ತು. ಆ ಬೆಳಕು ಕಣ್ಣು ತಿನ್ನುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಕೊನೆಗೆ ಒಪ್ಪಿದರೂ ಕರಾರು ಹಾಕಿಯೇ ಒಪ್ಪಿದರು: ಯಾರೊಬ್ಬರ ಕಣ್ಣಿಗೆ ಏನಾದರೂ ಆಯಿತೋ, ಆ ಪೆಟ್ಟಿಗೆ ಮನೆಯಿಂದ ಆಚೆ. ಅದನ್ನು ಇಡಲು ಕೊಟ್ಟಿಗೆ ಕೇಳಲೇಬಾರದು. ಅವರು ಒಮ್ಮೆ ಮಾತು ಆಡಿದರೆ ಮುಗಿಯಿತು, ಅದನ್ನು ತಿರುಗಿಸುವ ಗಂಡಸು ನಮ್ಮ ಮನೆತನದಲ್ಲಿ ಹುಟ್ಟಿರಲಿಲ್ಲ.

ಹೀಗಾಗಿ ಮೆಷಿನ್ ಬಂದದ್ದು ಜಗುಲಿಗೆ. ಒಳಗೆ ಎಣ್ಣೆ ತುಂಬಿದ ದೊಡ್ಡ ಕಬ್ಬಿಣದ ಪೆಟ್ಟಿಗೆ ಅದು. ಎತ್ತಿನ ಗಾಡಿಯಿಂದ ಇಳಿಸುವಷ್ಟರಲ್ಲಿ ಬೀದಿಯ ಗಂಡಸರೆಲ್ಲ ಬೆವತುಹೋದರು. ಹಲಗೆಗಳ ಮೇಲೆ ಅದನ್ನು ಕೂರಿಸಿ, ದಪ್ಪ ವೈರು ಎಳೆಸಿ, ಗೋಡೆಗೆ ಮೇನ್ ಸ್ವಿಚ್ಚು ಹಾಕಿಸಿದ್ದಾಯಿತು. ಆಮೇಲೆ ಇವರು ಮನೆಯ ಹಿಂದೆ, ಕೊಟ್ಟಿಗೆ ಗೋಡೆಯ ಪಕ್ಕದಲ್ಲಿ ಆಳವಾಗಿ ಒಂದು ಗುಂಡಿ ತೋಡಿದರು. ಅದರಲ್ಲಿ ಪೆಟ್ಟಿಗೆಯಿಂದ ಎಳೆದ ತಂತಿ ಕಟ್ಟಿದ ಒಂದು ಪೈಪು ನಿಲ್ಲಿಸಿ ಸುತ್ತಲೂ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ತುಂಬುತ್ತಾ ಬಂದರು. ಉಪ್ಪನ್ನು ಮಣ್ಣಿಗೆ ಸುರಿಯುವುದನ್ನು ನೋಡಿ ಅತ್ತೆ ಹೌಹಾರಿದರು. ಪೆಟ್ಟಿಗೆಯ ಮೈಗೆ ಕರೆಂಟು ಬಂದರೆ ಅದು ನಮ್ಮನ್ನು ಹಿಡಿಯದೆ ಈ ದಾರಿಯಲ್ಲಿ ನೆಲಕ್ಕೆ ಹೋಗಲಿ ಎಂದು ಹೀಗೆ ಮಾಡುವುದು, ಗುಂಡಿ ಒಣಗಬಾರದು, ದಿನಾ ನೀರು ಹಾಕಬೇಕು ಎಂದು ಇವರು ತಿಳಿಸಿ ಹೇಳಿದರು. ನೀರು ಹಾಕುವ ಕೆಲಸ ನನ್ನ ತಲೆಗೆ ಬಂತು. ಅತ್ತೆ ಆ ಗುಂಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಬಳಸಿಕೊಂಡು ತುಳಸಿಗೆ ಹೋಗುತ್ತಿದ್ದರು.

ಜಗುಲಿಯ ಮೇಲೆ ಬೂಟು ಹಾಕಿಕೊಂಡು ನಿಲ್ಲುವುದು ಇನ್ನೊಂದು ರಗಳೆಯಾಯಿತು. ನಮ್ಮ ಮನೆಯಲ್ಲಿ ಚಪ್ಪಲಿ ಮೆಟ್ಟಿಲ ಕೆಳಗೇ ಇರಬೇಕು. ಬರಿಗಾಲಲ್ಲಿ ಈ ಕೆಲಸ ಮಾಡಿದರೆ ಶಾಕ್ ಹೊಡೆಯುತ್ತದೆ, ಕಿಡಿ ಬಿದ್ದರೆ ಪಾದ ಸುಡುತ್ತದೆ ಎಂದು ಇವರು ಎಷ್ಟು ಹೇಳಿದರೂ ಅತ್ತೆ ಮುಖ ಗಂಟು ಹಾಕಿಕೊಂಡೇ ಇದ್ದರು. ಇವರು ಪೂರ್ತಿ ತೋಳಿನ ದಪ್ಪ ಹತ್ತಿಯ ಅಂಗಿ, ಚರ್ಮದ ಕೈಗವಸು, ಮುಖಕ್ಕೆ ಹಿಡಿಯುವ ಕಪ್ಪು ಗಾಜಿನ ಶೀಲ್ಡು ಎಲ್ಲವನ್ನೂ ಗೂಟಕ್ಕೆ ನೇತುಹಾಕಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟರು. ವೆಲ್ಡಿಂಗ್ ಕಡ್ಡಿಗಳಿಗೆ ತೇವ ತಗಲಬಾರದೆಂದು ನಾನು ಅವುಗಳನ್ನು ಸಂಡಿಗೆಯ ಹಾಗೆ ಮೊರದಲ್ಲಿ ಹರಡಿ ಬಿಸಿಲಿಗೆ ಇಟ್ಟೆ. ಕಾಗೆ ಒಂದನ್ನು ಕಚ್ಚಿಕೊಂಡು ಹೋಯಿತು.

ಆಯುಧಪೂಜೆಯ ದಿನ ಮೆಷಿನನ್ನು ಮೊದಲ ಸಲ ಹಚ್ಚುವುದೆಂದು ತೀರ್ಮಾನವಾಯಿತು. ಬೆಳಿಗ್ಗೆ ಪೆಟ್ಟಿಗೆಯನ್ನು ನೀರು ಹಾಕಿ ತೊಳೆಯಲು ಹೊರಟ ಅತ್ತೆಯನ್ನು ಇವರು ಓಡಿಬಂದು ತಡೆದರು. ಒಣಬಟ್ಟೆಯಲ್ಲಿ ಒರೆಸಿ, ವಿಭೂತಿ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದೆವು. ಬೇಡ ಬೇಡವೆಂದಿದ್ದ ಅತ್ತೆಯೇ ಪೂಜೆಗೆ ಕೂತರು. ಮನೆಗೆ ಬಂದ ಮೇಲೆ ಕಬ್ಬಿಣವೂ ದೇವರೇ ಅಲ್ಲವೇ, ಅದರ ಮೇಲೆ ಅವರಿಗೆ ಸಿಟ್ಟಿಲ್ಲ. ಬೀದಿಯ ಹೆಂಗಸರೆಲ್ಲ ಜಗುಲಿಯ ಮುಂದೆ ಸೇರಿದರು. ಗಂಡಸರು ದೂರದಲ್ಲಿ ರಸ್ತೆಯ ಮೇಲೆ ನಿಂತರು. ಬೆಳಕು ಬಂದಾಗ ಯಾರೂ ನೋಡಬಾರದು, ಮುಖ ತಿರುಗಿಸಿಕೊಳ್ಳಬೇಕು ಎಂದು ಇವರು ಎಲ್ಲರಿಗೂ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಅತ್ತೆ ಗಂಟೆ ಬಾರಿಸುತ್ತಾ ಪೆಟ್ಟಿಗೆಗೆ ಕರ್ಪೂರದ ಆರತಿ ಎತ್ತಿದರು, ಇವರು ಶೀಲ್ಡು ಮುಖಕ್ಕೆ ಹಿಡಿದು ಒಂದು ಗೇಟಿನ ಮೂಲೆಗೆ ಕಡ್ಡಿ ತಾಗಿಸಿದರು.

ನಾನು ಪಾಯಸ ತಳ ಹಿಡಿಯುತ್ತದೆಂದು ಒಳಗಿದ್ದೆ. ಅಡುಗೆಮನೆಯ ಗೋಡೆಯೆಲ್ಲ ನೀಲಿಬಿಳುಪಾಗಿ ಮಿನುಗಿತು. ಗಂಟೆಯ ಶಬ್ದ ನಿಲ್ಲಲಿಲ್ಲ, ಬದಲಿಗೆ ಇನ್ನೂ ಜೋರಾಯಿತು. ನನಗೆ ಏನೋ ಸರಿಯಿಲ್ಲ ಅನ್ನಿಸಿ ಹೊರಗೆ ಓಡಿಬಂದು, ಬಾಗಿಲಲ್ಲೇ ಸೆರಗು ಕಣ್ಣಿಗೆ ಅಡ್ಡ ಹಿಡಿದುಕೊಂಡೆ. ಸೆರಗಿನ ಕೆಳಗಿಂದ ಕಂಡದ್ದು ಇದು: ನಮ್ಮತ್ತೆ ಕಣ್ಣು ಅರಳಿಸಿಕೊಂಡು ಗಂಟೆ ಬಾರಿಸುತ್ತಿದ್ದಾರೆ. ಹೆಂಗಸರೆಲ್ಲ ಸಾಲಾಗಿ ಬಗ್ಗಿ, ಎರಡೂ ಕೈಗಳನ್ನು ಆ ಬೆಳಕಿನ ಕಡೆ ಚಾಚಿ, ಕಣ್ಣಿಗೆ ಒತ್ತಿಕೊಂಡು, ಮತ್ತೆ ನೋಡುತ್ತಿದ್ದಾರೆ. ಮಂಗಳಾರತಿಯಲ್ಲಿ ಯಾರಾದರೂ ಮುಖ ತಿರುಗಿಸುತ್ತಾರೆಯೇ?

ನಾನು ಕೂಗಿದ್ದು ಗಂಟೆಯ ಸದ್ದಿನಲ್ಲಿ ಇವರಿಗೆ ಕೇಳಲಿಲ್ಲ. ಶೀಲ್ಡಿನ ಹಿಂದೆ ಇದ್ದವರಿಗೆ ಕರಗುವ ಕಬ್ಬಿಣ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಪೂಜೆ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡು ಪುಣ್ಯಾತ್ಮರು ಗೇಟಿನ ನಾಲ್ಕು ಮೂಲೆಯನ್ನೂ ಮುಗಿಸಿಯೇ ಶೀಲ್ಡು ಇಳಿಸಿದರು. ಎದುರಿಗೆ ಅಷ್ಟು ಜನ ಕಣ್ಣು ಪಿಳಿಪಿಳಿ ಬಿಡುತ್ತಾ ಕೈಮುಗಿದು ನಿಂತಿದ್ದನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು. ಈಗ ಏನೂ ಗೊತ್ತಾಗುವುದಿಲ್ಲ, ಸಂಜೆಗೆ ಗೊತ್ತಾಗುತ್ತದೆ ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಹೆಂಗಸರು ಪಾಯಸ ಕುಡಿದು, ಸಾಕ್ಷಾತ್ ದೇವಿಯನ್ನೇ ನೋಡಿದಂತಾಯಿತು ಎಂದು ಹೊಗಳಿ ಹೋದರು.

ಸಂಜೆ ದೇವರಿಗೆ ದೀಪ ಹಚ್ಚಲು ಹೋದ ಅತ್ತೆಗೆ ದೀಪದ ಕುಡಿಯನ್ನು ನೋಡಲಾಗಲಿಲ್ಲ. ಕಣ್ಣಿಗೆ ಮರಳು ಎರಚಿದಂತಾಗಿದೆ ಎಂದು ಗೋಡೆ ಹಿಡಿದು ಕೂತರು. ಅಷ್ಟರಲ್ಲಿ ಪಕ್ಕದ ಮನೆಯಿಂದ ಒಬ್ಬರು, ಎದುರು ಮನೆಯಿಂದ ಇಬ್ಬರು ಕಣ್ಣೀರು ಸುರಿಸಿಕೊಂಡು ಬಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೇಳಿದ ಮಾತು ಕೇಳದವರ ಮೇಲೆ ಸಿಟ್ಟು, ಗಂಟೆಯ ಮೇಲೆ ಸಿಟ್ಟು, ಪಾಯಸದ ಮೇಲೂ ಸಿಟ್ಟು. ಆದರೂ ಹಿತ್ತಲಿಗೆ ಹೋಗಿ ಮಡಿಲು ತುಂಬ ನಂದಿಬಟ್ಟಲು ಹೂ ಕಿತ್ತು ತಂದೆ. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರನ್ನೂ ಸಾಲಾಗಿ ಮಲಗಿಸಿ, ಒದ್ದೆ ಬಟ್ಟೆಯ ಮೇಲೆ ಒಬ್ಬೊಬ್ಬರ ಕಣ್ಣಿಗೆ ಎರಡೆರಡು ಬಿಳಿ ಹೂ ಇಟ್ಟೆ. ಇವರು ಸೈಕಲ್ ಹತ್ತಿ ಹೋಗಿ ಡಾಕ್ಟರನ್ನು ಕರೆದು ತಂದರು. ಕಣ್ಣಿನ ಮೇಲ್ಪದರ ಬಿಸಿಲಿಗೆ ಬೆಂದ ಚರ್ಮದ ಹಾಗಾಗಿದೆ, ಉಜ್ಜಬೇಡಿ, ನಾಳೆ ನಾಡಿದ್ದರಲ್ಲಿ ವಾಸಿಯಾಗುತ್ತದೆ, ಮತ್ತೆ ಇಂಥ ದರ್ಶನ ಮಾಡಬೇಡಿ ಎಂದು ಅವರು ಔಷಧಿ ಹಾಕಿ ಹೋದರು.

ಮಾರನೆಯ ದಿನದ ಹೊತ್ತಿಗೆ ಉಳಿದವರೆಲ್ಲ ಕಣ್ಣು ಬಿಟ್ಟು ತಮ್ಮ ತಮ್ಮ ಮನೆಗೆ ಹೋದರು. ಎಲ್ಲರಿಗಿಂತ ಹತ್ತಿರ ನಿಂತಿದ್ದ ಅತ್ತೆ ಮಾತ್ರ ಇನ್ನೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದರು. ಅವರ ಕರಾರನ್ನು ಯಾರೂ ಮರೆತಿರಲಿಲ್ಲ. ಇವರು ತಟ್ಟೆಯಲ್ಲಿ ಅನ್ನ ಹಾಗೆಯೇ ಬಿಟ್ಟು ಎದ್ದರು. ನಾನು ಕಂಬಕ್ಕೆ ಒರಗಿ ನಿಂತು, ಆ ಸೈಕಲ್ಲು, ಆ ಕತ್ತಲು, ನನ್ನ ಮುಂದಿನ ವರ್ಷಗಳೆಲ್ಲ ಮತ್ತೆ ಹಾಗೆಯೇ ಎಂದು ಯೋಚಿಸುತ್ತಿದ್ದೆ. ಅಳು ಬರುತ್ತಿತ್ತು, ಆದರೆ ಕಣ್ಣು ನೋಯುತ್ತಿರುವವರ ಮುಂದೆ ಅಳಲು ನಾಚಿಕೆಯಾಯಿತು.

ಕೊನೆಗೆ ಇವರೇ ತಾಯಿಯ ಪಕ್ಕ ಕೂತು ಬಾಯಿಬಿಟ್ಟರು. “ಅವ್ವ, ಪೆಟ್ಟಿಗೆ ವಾಪಸ್ ಕೊಟ್ಬಿಡ್ತೀನಿ. ಗಾಡಿಯವನಿಗೆ ಹೇಳಿದೀನಿ.”

ಅತ್ತೆ ಮಗನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. “ಫ್ಯಾಕ್ಟರೀಲೂ ನೀನು ಇದೇ ಬೆಳಕಿನ ಮುಂದೆ ಕೂರ್ತೀಯಾ?”

“ಹೂಂ. ಇಷ್ಟು ವರ್ಷದಿಂದ ಅದೇ ಕೆಲ್ಸ. ಗಾಜು ಇರ್ತದೆ.”

“ಅದನ್ನ ಇಲ್ಲಿ ಕೊಡು.”

ಇವರು ಶೀಲ್ಡು ತಂದು ಕೈಗಿಟ್ಟರು. ಅತ್ತೆ ಅದನ್ನು ಕುರುಡರ ಹಾಗೆ ಬೆರಳಿನಿಂದ ಸುತ್ತಲೂ ಸವರಿ ನೋಡಿದರು. ಗಾಜಿಗೆ ಎಲ್ಲಾದರೂ ಬಿರುಕಿದೆಯೇ ಎಂದು ಉಗುರಿನಿಂದ ಕೆರೆದರು. ಇಷ್ಟು ವರ್ಷ ಮಗ ದಿನವೂ ಎಲ್ಲಿಗೆ ಹೋಗಿ ಬರುತ್ತಿದ್ದನೆಂಬುದು ಅವರಿಗೆ ಅವತ್ತೇ ಗೊತ್ತಾಗಿದ್ದಿರಬೇಕು.

“ಯಾರ್ ಕಣ್ಣಿಗಾದ್ರೂ ಏನಾದ್ರೂ ಆದ್ರೆ ಪೆಟ್ಟಿಗೆ ಮನೆಯಿಂದ ಆಚೆ ಅಂದಿದ್ದೆ.”

“ಅಂದಿದ್ದೆ ಅವ್ವ.”

“ಆಚೆ ಹಾಕು ಮತ್ತೆ. ಕೊಟ್ಟಿಗೇಲಿ ಇಟ್ಕೋ. ಅಲ್ಲಾದ್ರೆ ಬೀದೀಲಿ ಹೋಗೋರಿಗೆ ಕಾಣ್ಸಲ್ಲ. ನೀನೂ ನನ್ನ ಕಣ್ಣೆದುರಿಗೆ ಇರ್ತೀಯ.”

ನಾನು ಅಡುಗೆಮನೆಗೆ ಹೋಗಿ ಮತ್ತೆ ಪಾತ್ರೆ ಸದ್ದು ಮಾಡಿದೆ.

ಕಟ್ಟು ಬಿಚ್ಚಿದ ದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅತ್ತೆ ಕೊಟ್ಟಿಗೆಯಲ್ಲಿದ್ದರು. ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ ಎಂದು ಯಾರೂ ಹೇಳುವ ಮುಂಚೆಯೇ ಮೂಲೆಯ ಹುಲ್ಲನ್ನೆಲ್ಲ ತಬ್ಬಿಕೊಂಡು ತಬ್ಬಿಕೊಂಡು ಹೊರಗೆ ಸಾಗಿಸುತ್ತಿದ್ದರು. ನಾನು ಕೈಹಾಕಲು ಹೋದೆ, ಬೇಡವೆಂದು ತಲೆಯಾಡಿಸಿದರು. ಎಲ್ಲವನ್ನೂ ಹಾಲು ಕರೆಯುವವರೊಬ್ಬರ ಗಾಡಿಗೆ ತುಂಬಿ ಕಳಿಸಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇನ್ನೂ ಉರಿಯಿದೆಯೇ ಎಂದು ಕೇಳಿದೆ. ಹುಲ್ಲಿನ ಧೂಳು ಅಂದರು. ಇನ್ನೊಂದು ಹಸುವಿನ ಮಾತನ್ನು ಆಮೇಲೆ ಅವರು ಯಾವತ್ತೂ ಎತ್ತಲಿಲ್ಲ.

ಇವರು ಫ್ಯಾಕ್ಟರಿ ಬಿಟ್ಟರು. ಕೊಟ್ಟಿಗೆಯ ಬಾಗಿಲಿಗೆ ಅತ್ತೆಯೇ ಒಂದು ಕರಿ ಕಂಬಳಿ ಇಳಿಬಿಟ್ಟು, ಅದಕ್ಕೆ ಬೆನ್ನು ಮಾಡಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಇವರು ಕಡ್ಡಿ ಹಿಡಿಯುವ ಮುಂಚೆ ಅವರಿಗೆ ಹೇಳಬೇಕು, ಅವರು ‘ಕಣ್ಣು’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಬೇಕು, ಆಮೇಲೆ ಬೆಳಕು. ಕೆಲಸ ನಡೆಯುವಾಗ ಸುತ್ತಲಿನ ಮನೆಗಳ ಬಲ್ಬು ಮಂಕಾಗಿ ರೇಡಿಯೋ ಗರಗರ ಅನ್ನುತ್ತಿತ್ತು, ಬೈಯಲು ಬಂದವರು ಅತ್ತೆಯನ್ನು ನೋಡಿ ಗೇಟಿಗೆ ಆರ್ಡರು ಕೊಟ್ಟು ಹೋಗುತ್ತಿದ್ದರು. ಮಧ್ಯಾಹ್ನ ನನ್ನ ಗಂಡ ಮನೆಯಲ್ಲೇ ಕೂತು ಬಿಸಿ ಮುದ್ದೆ ಉಣ್ಣುತ್ತಿದ್ದರು. ಅದಕ್ಕಿಂತ ಹೆಚ್ಚಿನ ಸುಖ ನಾನು ಕೇಳಿದವಳೂ ಅಲ್ಲ, ಕಂಡವಳೂ ಅಲ್ಲ.

ಉಪ್ಪು ಇದ್ದಿಲಿನ ಗುಂಡಿಗೆ ನೀರು ಹಾಕುವ ಕೆಲಸವನ್ನೂ ಅತ್ತೆ ನನ್ನಿಂದ ಕಿತ್ತುಕೊಂಡಿದ್ದರು. ಬೆಳಿಗ್ಗೆ ತುಳಸಿಗೆ ಒಂದು ಚೊಂಬು, ಗುಂಡಿಗೆ ಒಂದು ಬಿಂದಿಗೆ. ವಯಸ್ಸಾಗಿ ಕಾಲು ಸೋತು ಮಂಚ ಹಿಡಿದ ಮೇಲೂ ಅವರಿಗೆ ಅದೇ ಚಿಂತೆ. ಹಸು ಇದ್ದ ಕಾಲದಲ್ಲಿ ಅವರು ಮನೆಯವರನ್ನೆಲ್ಲ ಹೇಗೆ ಕೇಳುತ್ತಿದ್ದರೆಂದು ಇವರು ನನಗೆ ಹೇಳಿದ್ದರು. ಅದೇ ಮಾತನ್ನು, ಕೊಟ್ಟಿಗೆಯ ಕಡೆ ಕೈತೋರಿಸಿ, ಕೊನೆಯವರೆಗೂ ದಿನವೂ ನನ್ನನ್ನು ಕೇಳುತ್ತಿದ್ದರು.

“ಅದಕ್ಕೆ ನೀರು ಕೊಟ್ಯೇನೆ?”