ಮೂವತ್ತೊಂದು ಗರಿ, ಒಂದು ಹೆಸರು

ಹೆಬ್ಬಾತಿನ ಗರಿಯ ತುದಿಯನ್ನು ಓರೆಯಾಗಿ ಕೊಯ್ದು, ನಡುವೆ ಸೀಳಿ, ಉಗುರಿನ ಮೇಲೆ ಒತ್ತಿ ನೋಡುತ್ತಾಳೆ ಕೆಜಿಯಾ ಲೂಮಿಸ್. ಇದು ಇಪ್ಪತ್ತೆಂಟನೆಯ ಲೇಖನಿ. ಕನೆಟಿಕಟ್ ನದಿಯ ಹಿಮದ ಮೇಲೆ ಬಿಸಿಲು ಬೀಳುವಷ್ಟರಲ್ಲಿ ಮೂವತ್ತೊಂದು ಹುಡುಗಿಯರು ಅವಳ ಬಳಿ ಪಾಠಕ್ಕೆ ಬರುತ್ತಾರೆ. ಮಸಿ ಹೆಪ್ಪುಗಟ್ಟಿದೆ, ಕರಗಲೆಂದು ಕುಡಿಕೆಯನ್ನು ಕಂಕುಳಲ್ಲಿ ಅವುಚಿಕೊಂಡೇ ಕೊಯ್ಯುತ್ತಾಳೆ.

"ಗಂಡುಹುಡುಗರ ಮೇಷ್ಟ್ರಿಗೆ ಒಲೆ ಇದೆ, ನಂಗೆ ಕಂಕುಳಿದೆ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ.

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಸ್ವಂತ ಮನೆಯಿಲ್ಲ, ಊರಿನ ಪದ್ಧತಿಯಂತೆ ವಾರಕ್ಕೊಬ್ಬ ಹುಡುಗಿಯ ಮನೆಯಲ್ಲಿ ಊಟ, ಹಾಸಿಗೆ. ಆ ಅಡುಗೆಮನೆಗಳ ಮೂಲೆಗಳಲ್ಲಿ ಕೂತು ಆರು ಚಳಿಗಾಲ ಬರೆದ ಪುಸ್ತಕ, ಹುಡುಗಿಯರ ಓದಿಗೆಂದು ನಲವತ್ತು ಸಂಭಾಷಣೆ, ಹೋದ ವರ್ಷ, 1798ರಲ್ಲಿ, ಅಚ್ಚಾಗಿದೆ. ಹೆಂಗಸು ಹೆಸರು ಹಾಕಿಕೊಳ್ಳುವುದು ಮರ್ಯಾದೆಯಲ್ಲ. ಹಾಗಾಗಿ ಮೊದಲ ಪುಟದಲ್ಲಿ 'ಒಬ್ಬ ಸಭ್ಯ ಮಹಿಳೆ ಬರೆದದ್ದು' ಎಂದಷ್ಟೇ ಇದೆ. ಹಸ್ತಪ್ರತಿ ಅಚ್ಚಿಗೆ ಹೋದದ್ದು ಪಾದ್ರಿಯ ಮೂಲಕ. ಊರಿಗೂ ಅಚ್ಚಿನವನಿಗೂ ಸಭ್ಯ ಮಹಿಳೆ ಎಂದರೆ ಪಾದ್ರಿಯ ಹೆಂಡತಿ ಲುಕ್ರೀಶಿಯಾ. ಆಕೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಚಹಾದ ಬಟ್ಟಲು ಹಿಡಿದು ನಕ್ಕಳು.

ಭಾನುವಾರ ಚರ್ಚಿನಲ್ಲಿ ಕೆಜಿಯಾಳಿಗೆ ಪ್ರವಚನ ಕೇಳಿಸುವುದಿಲ್ಲ. ಲುಕ್ರೀಶಿಯಾಳ ಟೋಪಿಯ ರಿಬ್ಬನ್ನುಗಳೇ ಕಣ್ಣಿಗೆ ಚುಚ್ಚುತ್ತವೆ. "ಅವಳ ಬೆರಳು ನೋಡಿದೀಯಾ? ಮಸಿಯ ಒಂದು ಚುಕ್ಕಿ ಇಲ್ಲ. ಹೊಟ್ಟೆ ಉರಿಯುತ್ತೆ, ಹುಲ್ಡಾ."

"ಬಾಯ್ಬಿಟ್ಟು ಹೇಳೇ ಮಾರಾಯ್ತಿ," ಎನ್ನುತ್ತಾಳೆ ಈ ವಾರದ ಮನೆಯೊಡತಿ ಹುಲ್ಡಾ.

"ಹೇಳಿದ್ರೆ ನಾನು ಸಭ್ಯ ಮಹಿಳೆ ಅಲ್ಲ ಅಂತಾಗುತ್ತಲ್ಲ!"

ಮಧ್ಯಾಹ್ನ ಕಸೂತಿ. ಅಕ್ಷರಮಾಲೆ, ಒಂದು ನೀತಿಮಾತು, ಕೊನೆಗೆ ಹುಡುಗಿಯ ಹೆಸರು. ಹೆಸರು ಹೊಲಿಯದೆ ಯಾರೂ ಸೂಜಿ ಕೆಳಗಿಡಬಾರದು, ಕೆಜಿಯಾಳ ನಿಯಮ. ಪಾದ್ರಿಯ ಎಂಟು ವರ್ಷದ ಮಗಳು ಡಾರ್ಕಸ್ ಆ ಪುಸ್ತಕದ್ದೇ ಸಾಲು ಹೊಲಿದಿದ್ದಾಳೆ. ಕೆಳಗೆ ಕೆಂಪು ದಾರದಲ್ಲಿ: 'ಮಾತು ಅಮ್ಮನದು, ಹೊಲಿಗೆ ಡಾರ್ಕಸಳದು.'

ಆ ಕೆಂಪು ದಾರ ಬಿಚ್ಚಲು ಕೆಜಿಯಾ ಕತ್ತರಿ ಎತ್ತುತ್ತಾಳೆ. ಮಗುವಿನ ಮುಖ ನೋಡಿ ಇಳಿಸುತ್ತಾಳೆ. "ಹೊಲಿಗೆ ಚೆನ್ನಾಗಿದೆ, ಪುಟ್ಟಿ."

ಮಗಳನ್ನು ಕರೆದೊಯ್ಯಲು ಬಂದ ಲುಕ್ರೀಶಿಯಾ ಅದನ್ನು ಓದಿ ಕೆಂಪಗಾಗುತ್ತಾಳೆ. ಡಾರ್ಕಸಳನ್ನು ಹೊರಗೆ ಕಳಿಸುತ್ತಾಳೆ.

"ಅಚ್ಚಿನವ್ನು ಎರಡನೇ ಭಾಗ ಕೇಳ್ತಿದಾನೆ, ಕೆಜಿಯಾ. ನನ್ನನ್ನೇ ಕೇಳ್ತಾನೆ, ಏನ್ಮಾಡ್ಲಿ? ನಮ್ಮ ಮನೆ ಮೇಲಿನ ಕೋಣೆ ನಿಂಗಿರ್ಲಿ. ಮೇಜಿದೆ, ಒಲೆ ಇದೆ. ಮನೆಮನೆ ಅಲೆಯೋದು ತಪ್ಪುತ್ತೆ. ನೀನು ಬರಿ. ಮೊದಲ ಪುಟ ಮಾತ್ರ... ಈಗಿರೋ ಹಾಗೇ ಇರ್ಲಿ."

ಒಲೆ ಎಂಬ ಮಾತಿಗೆ ಕೆಜಿಯಾಳ ಮರಗಟ್ಟಿದ ಬೆರಳುಗಳು ಒಂದು ಕ್ಷಣ ಬಿಚ್ಚಿಕೊಳ್ಳುತ್ತವೆ. ಆಮೇಲೆ ನಾಳೆಯ ಗರಿಗಳನ್ನು ಎಳೆದುಕೊಂಡು ಚಾಕು ತೆಗೆಯುತ್ತಾಳೆ.

"ಇಲ್ಲ ಅಮ್ಮಾವ್ರೇ. ಬರೆಯಲ್ಲ."