ಬಲ ಹೆಗಲ ಮೇಲಿನ ಸೆರಗು

ಮೊನ್ನೆ ನಮ್ಮ ಸೊಸೈಟಿಯ ಮೆಟ್ಟಿಲ ಕಂಬಿಗೆ ಬಣ್ಣ ಬಳಿದರು. ಡೊಂಬಿವಲಿಯ ಆ ನಾಲ್ಕು ಮಹಡಿಯ ಕಟ್ಟಡದ ತುಂಬ ಟರ್ಪೆಂಟೈನ್ ವಾಸನೆ. ಎಲ್ಲರೂ ಮೂಗು ಮುಚ್ಚಿಕೊಂಡು ಇಳಿದರೆ ನಾನೊಬ್ಬ ನಿಂತು ಉಸಿರೆಳೆದುಕೊಂಡೆ. ಡ್ರಾಯಿಂಗ್ ಮಾಸ್ತರ, ಬಣ್ಣದ ವಾಸನೆಗೆ ಮರುಳಾಗಿದ್ದಾನೆ ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ನಿಜವೇನೆಂದರೆ, ನಾನು ಎಣ್ಣೆಬಣ್ಣ ಬಿಟ್ಟು ವರ್ಷಗಳೇ ಆದವು. ಶಾಲೆ ಮುಗಿಸಿ ಬಂದು ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಪ್ಲಾಸ್ಟಿಕ್ ಪೆನ್ನಿನಿಂದ ಚಿತ್ರ ಬರೆಯುತ್ತೇನೆ. ಟರ್ಪೆಂಟೈನಿನ ಸೀಸೆ ಮಾತ್ರ ಇಟ್ಟುಕೊಂಡಿದ್ದೆ. ಮನೆಗೆ ಗಿರಾಕಿ ಬರುವ ದಿನ ಅದರ ಮುಚ್ಚಳ ತೆಗೆದಿಡುತ್ತಿದ್ದೆ, ಪೂಜೆಗೆ ಊದುಬತ್ತಿ ಹಚ್ಚಿಟ್ಟ ಹಾಗೆ.

ನಾನು ಹುಟ್ಟಾ ಅಂಜುಬುರುಕ. ಗ್ಯಾಸಿನ ಗುಬ್ಬಿ ತಿರುಗಿಸಿದ್ದೇನೋ ಇಲ್ಲವೋ ಎಂದು ಸ್ಟೇಷನ್ನಿನಿಂದ ಮನೆಗೆ ಹಿಂದಿರುಗಿ ಲೋಕಲ್ ತಪ್ಪಿಸಿಕೊಂಡವನು. ಅಂಥವನಿಗೆ ಎಲ್ಲಕ್ಕಿಂತ ದೊಡ್ಡ ಭಯ ಒಂದು ಪ್ರಶ್ನೆಯದು: 'ಇದು ಕೈಯಲ್ಲಿ ಬರೆದದ್ದಾ?' ಪೆನ್ನನ್ನೇನು ಕಾಲಲ್ಲಿ ಹಿಡಿಯುತ್ತೀರಾ ಎಂದು ಹೆಂಡತಿ ಕೇಳುತ್ತಾಳೆ. ತರ್ಕದಿಂದ ಸಮಾಧಾನ ಸಿಗುವುದಾದರೆ ಭಯವಾದರೂ ಯಾಕೆ ಹುಟ್ಟುತ್ತಿತ್ತು?

ಕಲ್ಯಾಣ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿದೆ. ಮಾಲಿಕರು ರಾಯರು. ಆ ಹೋಟೆಲಿನ ಅಡುಗೆಮನೆಯನ್ನು ಮೂವತ್ತು ವರ್ಷ ಆಳಿದವರು ಅವರ ತಾಯಿ. ಆಕೆ ತೀರಿಕೊಂಡ ಮೇಲೆ ಗಲ್ಲಾದ ಹಿಂದೆ ತೂಗುಹಾಕಲು ಒಂದು ಭಾವಚಿತ್ರ ಬೇಕೆಂದು ರಾಯರು ನನ್ನನ್ನು ಕರೆಸಿದರು. ಇದ್ದದ್ದು ಒಂದೇ ಫೋಟೋ, ಯಾರದೋ ಮದುವೆಯ ಗುಂಪಿನದು. ಅದರಲ್ಲಿ ತಾಯಿಯ ಮುಖ ಉದ್ದಿನ ಬೇಳೆಯಷ್ಟು. ಕೈಯಲ್ಲಿ ಬರೆಯಲು ಎಷ್ಟು ದಿನ ಬೇಕಾದೀತು ಎಂದು ಕೇಳಿದರು. ನಾನು ನೆಲ ನೋಡುತ್ತ ಒಂದು ತಿಂಗಳು ಎಂದೆ. ಅಷ್ಟೇ. ಸುಳ್ಳು ಹೇಳಲಿಲ್ಲ, ಸುಳ್ಳಿಗೆ ಕೂರಲು ಕುರ್ಚಿ ಹಾಕಿಕೊಟ್ಟೆ.

ಟ್ಯಾಬ್ಲೆಟ್ಟಿನಲ್ಲಿ ಬರೆಯುವವರಿಗೆ ಒಂದು ರೂಢಿಯಿದೆ. ನಡುನಡುವೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ನೋಡುತ್ತೇವೆ. ನೋಡಿ ನೋಡಿ ಕಣ್ಣಿಗೆ ಒಗ್ಗಿಹೋದ ತಪ್ಪುಗಳು ಆಗ ಎದ್ದು ಕಾಣುತ್ತವೆ. ನಾನೂ ತಿರುಗಿಸಿದೆ, ಮೂಗು ತಿದ್ದಿದೆ, ನನ್ನ ಕೌಶಲಕ್ಕೆ ನಾನೇ ತಲೆದೂಗಿದೆ. ಉಲ್ಹಾಸನಗರದ ಅಂಗಡಿಯೊಂದರಲ್ಲಿ ಕ್ಯಾನ್ವಾಸಿನ ಮೇಲೆ ಪ್ರಿಂಟು ತೆಗೆಸಿದೆ. ಆಮೇಲೆ ಅದರ ಮೇಲೆ ಬಣ್ಣವಿಲ್ಲದ ಅಂಟನ್ನು ಕುಂಚದಲ್ಲಿ ಬಳಿದು ಗೀರುಗೀರು ಮಾಡಿದೆ, ಎಣ್ಣೆಬಣ್ಣದ ಹಾಗೆ ಕಾಣಲೆಂದು. ಚಿತ್ರಕ್ಕಿಂತ ಹೆಚ್ಚಿನ ಶ್ರದ್ಧೆಯಿಂದ ಆ ಕೆಲಸ ಮಾಡಿದೆನೆಂದು ಈಗ ಅನಿಸುತ್ತದೆ.

ಹೋಟೆಲಿನಲ್ಲಿ ಕಾಗದ ಬಿಚ್ಚಿದಾಗ ರಾಯರ ಕಣ್ಣು ತೇವವಾಯಿತು. ಪಕ್ಕದಲ್ಲಿದ್ದ ಅವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ತಲೆ ಓರೆ ಮಾಡಿ ನೋಡಿ, "ಪಪ್ಪಾ, ಅಜ್ಜಿ ಗುಜರಾತಿ ಕಬ್ ಸೇ ಹೋ ಗಯೀ?" ಎಂದಳು.

ಅಜ್ಜಿ ಗುಜರಾತಿಯಾಗಿದ್ದು ನಿಜ. ಸೆರಗು ಬಲ ಹೆಗಲ ಮೇಲಿತ್ತು, ಗುಜರಾತಿ ಹೆಂಗಸರು ಉಡುವ ಹಾಗೆ. ಬಲಗೆನ್ನೆಯ ಮಚ್ಚೆ ಎಡಕ್ಕೆ ಹೋಗಿತ್ತು. ತಿರುಗಿಸಿದ ಚಿತ್ರವನ್ನು ಮತ್ತೆ ನೆಟ್ಟಗೆ ಮಾಡಲು ನಾನು ಮರೆತಿದ್ದೆ.

ರಾಯರು ಬೈಯಲಿಲ್ಲ. ಬೈದಿದ್ದರೆ ಬಚಾವಾಗುತ್ತಿದ್ದೆ. ನನ್ನ ಬೆರಳುಗಳನ್ನೇ ನೋಡುತ್ತ, "ಪೂರಾ ಪುನಃ ಬರೀಬೇಕಲ್ಲ ಮಾಷ್ಟ್ರೆ? ಶ್ರಾದ್ಧಕ್ಕೆ ಎಂಟೇ ದಿನ ಉಂಟು. ನಿಮ್ಗೆ ಕೈ ನೋಯ್ತದೆ. ಇರ್ಲಿ, ಹೀಗೇ ಹಾಕುವ" ಎಂದರು.

ನನ್ನ ಕೈ ನೋಯಬಾರದೆಂದು ಆ ಮನುಷ್ಯ ಹೆತ್ತ ತಾಯಿಯನ್ನು ಜೀವಮಾನವಿಡೀ ಎಡಬಲ ಮಾಡಿಕೊಂಡು ನೋಡಲು ಸಿದ್ಧರಾಗಿದ್ದರು. ಸರಿಪಡಿಸಲು ನನಗೆ ಬೇಕಿದ್ದದ್ದು ಒಂದು ಬೆರಳು, ಒಂದು ಗಳಿಗೆ. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಟ್ಯಾಬ್ಲೆಟ್ಟು, ಪ್ರಿಂಟು, ಅಂಟು, ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಕ್ಯಾನ್ವಾಸಿನ ಗೀರುಗಳ ಮೇಲೆ ಬೆರಳಾಡಿಸಿದರು. "ನಾನೂ ಗ್ರೈಂಡರಲ್ಲೇ ರುಬ್ಬಿಸುದು ಮಾಷ್ಟ್ರೆ. ಆದ್ರೆ ಕಲ್ಲಲ್ಲಿ ರುಬ್ಬಿದ್ದು ಅಂತ ಕಾಣ್ಲಿಕ್ಕೆ ಹಿಟ್ಟಿಗೆ ಮರಳು ಹಾಕುದಿಲ್ಲ."

ನಾನು ಎದ್ದು ಹೊರಡುವವನಿದ್ದೆ. ಆ ಯಂತ್ರವನ್ನು ನಾಳೆ ಇಲ್ಲಿಗೇ ತನ್ನಿ, ಬೇರೆಯೂ ಒಂದು ತಪ್ಪುಂಟು ಎಂದರು. ಕಣ್ಣು ತೀರಾ ಸಾಧುವಾಯಿತಂತೆ. ಸಾಂಬಾರಿಗೆ ಉಪ್ಪು ಕಡಿಮೆಯಾದಾಗ ಅವರಮ್ಮ ನೋಡುತ್ತಿದ್ದುದು ಹೀಗಲ್ಲವಂತೆ. ಮೂರು ಮಧ್ಯಾಹ್ನ, ಊಟದ ಗಲಾಟೆ ಇಳಿದ ಮೇಲೆ, ಮೂಲೆಯ ಮೇಜಿನಲ್ಲಿ ಕೂತು ಅವರು ಹೇಳಿದಂತೆಲ್ಲ ರೆಪ್ಪೆ ಏರಿಸಿದೆ, ಹುಬ್ಬು ಇಳಿಸಿದೆ. ಮೂರನೆಯ ದಿನ ರಾಯರು ಮಾತು ನಿಲ್ಲಿಸಿ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಆಯಿತೆಂದು ನನಗೆ ಗೊತ್ತಾಯಿತು. ಈ ಸಲ ಪ್ರಿಂಟಿನ ಮೇಲೆ ಏನನ್ನೂ ಬಳಿಯಲಿಲ್ಲ.

ಕಳೆದ ಭಾನುವಾರ ಅಲ್ಲಿ ಚಹಾ ಕುಡಿಯುತ್ತಿದ್ದೆ. ಕಳಂಬೋಲಿಯ ಕಬ್ಬಿಣದ ವ್ಯಾಪಾರಿಯೊಬ್ಬರು, ನಮ್ಮ ಕಡೆಯವರೇ, ಬಿಲ್ಲು ಕೊಡುತ್ತ ಚಿತ್ರ ಬರೆದವರು ಯಾರೆಂದು ವಿಚಾರಿಸಿದರು. ತಮ್ಮ ತಂದೆಯದೊಂದು ಮಾಡಿಸಬೇಕಿತ್ತಂತೆ. ರಾಯರು ನನ್ನತ್ತ ಕೈ ತೋರಿಸಿ, "ಇವ್ರೇ. ಕಂಪ್ಯೂಟರಲ್ಲಿ" ಎಂದರು. ವ್ಯಾಪಾರಿಯ ಮುಖ ಸಣ್ಣದಾಯಿತು.

"ಹಾಗಾದ್ರೆ ಕೈಯಿಂದ ಅಲ್ವಾ?"

ನನ್ನ ಎದೆ ಡವಗುಟ್ಟಲೆಂದು ಕಾದೆ. ಅದು ತನ್ನ ಪಾಡಿಗೆ ಇತ್ತು. ಅಲ್ಲ, ಕುಂಚವಿಲ್ಲ, ಬಣ್ಣವಿಲ್ಲ, ಗಾಜಿನ ಮೇಲೆಯೇ ಬರೆಯುವುದು ಎಂದೆ. ಅವರು ಹೊರಡಲು ತಿರುಗಿದ್ದರು. ನಿಮ್ಮ ತಂದೆ ಹೇಗೆ ನೋಡುತ್ತಿದ್ದರು ಎಂದು ಕೇಳಿದೆ.

ಅವರು ನಿಂತರು. "ಅಪ್ಪ ಮುಖ ಕೊಟ್ಟು ಮಾತಾಡ್ತಿರ್ಲಿಲ್ಲ" ಎನ್ನುತ್ತ ನನ್ನ ಎದುರಿನ ಕುರ್ಚಿ ಎಳೆದುಕೊಂಡರು.