ಅಕ್ಕ ಹೊಸಿಲು ದಾಟಲಿಲ್ಲ

ಮಂಡಿನೋವಿಗೆ ಡಾಕ್ಟರು ಓಡಾಟ ಬೇಡ ಅಂದಮೇಲೆ, ಹೊತ್ತು ಹೋಗಲಿ ಅಂತ ಮಗಳು ಫೋನಿನಲ್ಲಿ ಸ್ಪ್ಯಾನಿಷ್ ಪಾಠ ಹಾಕಿಕೊಟ್ಟಿದ್ದಾಳೆ. ಈ ವಯಸ್ಸಿಗೆ ಅದೊಂದು ಬಾಕಿ ಇತ್ತು! ಮೊನ್ನೆ ಅದರಲ್ಲಿ ‘ರೆಕೊಹಿಮಿಯೆಂತೊ’ ಅಂತ ಒಂದು ಪದ ಬಂತು. ಹೊರಗಿನ ಗದ್ದಲ ಬಿಟ್ಟು ಒಳಗೇ ಇರುವುದು ಅಂತ ಅರ್ಥವಂತೆ. ಧ್ಯಾನಕ್ಕೆ ಕೂತವರ ಮೌನಕ್ಕೂ ಅದನ್ನೇ ಹೇಳುತ್ತಾರೆ. ಹಿಂದಿನ ಕಾಲದಲ್ಲಿ ಹೆಂಗಸರನ್ನು ಕೂಡಿಹಾಕುತ್ತಿದ್ದ ಮನೆಗಳಿಗೂ ಅದೇ ಹೆಸರಿತ್ತಂತೆ. ಫೋನು ಮಗುಚಿಟ್ಟೆ. ಇಲ್ಲೇ ಹೊಳೆನರಸೀಪುರದಲ್ಲಿ ನಮ್ಮ ಎದುರುಮನೆಯಲ್ಲಿದ್ದ, ಬೀದಿಯವರೆಲ್ಲ ಅಕ್ಕ ಅನ್ನುತ್ತಿದ್ದವಳು ನೆನಪಾದಳು...

ಗಂಡ ಹೋದಾಗ ಅಕ್ಕನಿಗಿನ್ನೂ ನಲವತ್ತು ದಾಟಿರಲಿಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿ. ತವರಿನವರು ಸೀರೆ ತಂದು ಉಡಿಸಿ ಕರೆದುಕೊಂಡು ಹೋಗುವವರೆಗೂ ಗಂಡ ಸತ್ತವಳು ಹೊಸಿಲು ದಾಟುವಂತಿಲ್ಲ. ತವರೇನು ದೂರವಲ್ಲ, ಅರಕಲಗೂಡಿನ ಹತ್ತಿರ. ಆದರೆ ಜಮೀನಿನ ಪಾಲಿನ ಜಗಳದಲ್ಲಿ ಅವಳ ಅಣ್ಣ ಮಾತು ಬಿಟ್ಟಿದ್ದ. ಬರಲಿಲ್ಲ. ವರ್ಷ ಕಳೆಯಿತು, ಅಕ್ಕ ಒಳಗೇ ಇದ್ದಳು. ಬೀದಿಯವರು ಎಂಥಾ ದೈವಭಕ್ತೆ ಅಂತ ಹೊಗಳಿದರು. ಹೊಗಳುವವರ ಗಂಟೇನು ಹೋಗುತ್ತದೆ!

“ಬಕ್ತಿನೂ ಇಲ್ಲ, ಎಂತದೂ ಇಲ್ಲ ಕಣವ್ವ,” ಅಂತ ಕಿಟಕಿಯಲ್ಲಿ ನಿಂತು ಒಂದು ದಿನ ನನಗೆ ಅಂದಳು. “ಒಂದ್ಸಲ ಹೊಳೆ ಗಂಟ ಓಗ್ಬರನ ಅನ್ನುಸ್ತದೆ.”

ನಮ್ಮ ಅತ್ತೆಗೆ ತಡೆಯಲಾಗಲಿಲ್ಲ. ಚನ್ನರಾಯಪಟ್ಟಣಕ್ಕೆ ಹೋದವರು ಒಂದು ಒಳ್ಳೆ ಸೀರೆ ತಂದು, “ನಾನೇ ನಿನ್ ತವರು ಅಂದ್ಕಳವ್ವ, ಏಳು” ಅಂದರು. ಅಕ್ಕ ಅತ್ತಳು. ಸೀರೆ ಉಟ್ಟು ಬಾಗಿಲವರೆಗೂ ಬಂದಳು. ಬಸ್ ಸ್ಟ್ಯಾಂಡಿನ ಕಡೆಯ ದಾರಿ ನೋಡುತ್ತಾ ನಿಂತವಳು ಹಿಂದಕ್ಕೆ ಸರಿದಳು.

“ಬ್ಯಾಡ ಕಣಮ್ಮ. ನಾನು ಈಚೆಗೆ ಬಂದ್ಬುಟ್ರೆ, ನಮ್ಮಣ್ಣ ಇಲ್ಲಿಗೆ ಬರಕ್ಕೆ ಇನ್ನೇನ್ ಕೆಲ್ಸ ಉಳೀತದೆ?”

ಅತ್ತೆ ಮನೆಗೆ ಬಂದು ಮಲಗಿಬಿಟ್ಟರು. ಆಮೇಲೆ ಯಾರೂ ಅವಳನ್ನು ಕರೆಯಲಿಲ್ಲ. ಹಟಮಾರಿ ಅಂದರು. ನನಗೆ ಮಾತ್ರ ಹಟ ಕಾಣಲಿಲ್ಲ, ಆಸೆ ಕಂಡಿತು... ಅದನ್ನು ನೋಡಿ ನೋಡಿ ನಮಗೇ ಸುಸ್ತಾಯಿತು, ಅವಳಿಗಾಗಲಿಲ್ಲ.

ಕೊನೆಗೂ ಅಣ್ಣ ಬಂದ. ಸತ್ತ ಹೆಣ್ಣುಮಗಳಿಗೆ ತವರಿನ ಸೀರೆ ಹೊದಿಸದೆ ಎತ್ತುವ ಹಾಗಿಲ್ಲವಲ್ಲ, ಅದಕ್ಕೆ ಬಂದ. ಹೊದಿಸಿ, ತಾನೇ ಹೆಗಲು ಕೊಟ್ಟು ಅವಳನ್ನು ಮನೆಯಿಂದ ಹೊರಗೆ ತಂದ.

ಈಗ ಅತ್ತೆಯೂ ಇಲ್ಲ. ಎದುರುಮನೆಯಲ್ಲಿ ಬೇರೆ ಯಾರೋ ಬಾಡಿಗೆಗಿದ್ದಾರೆ. ಅವಳ ಅಣ್ಣ ಆಗೀಗ ಈ ಊರಿಗೆ ಬಂದಾಗ, ಜಗಲಿಯಲ್ಲಿ ಕೂತ ನನ್ನನ್ನು ಕಂಡು, “ಚೆನ್ನಾಗಿದ್ದೀರಾ ಅವ್ವಾ?” ಅನ್ನುತ್ತಾನೆ. ನಾಲ್ಕು ಮಾತು ಬಯ್ಯಬೇಕು ಅನ್ನಿಸುತ್ತದೆ. ಅಷ್ಟು ತ್ರಾಣ ಎಲ್ಲಿದೆ, ಹೂಂ ಅನ್ನುತ್ತೇನೆ. ಅಕ್ಕ ಇದ್ದಿದ್ದರೆ ಅವನನ್ನು ಒಳಗೆ ಕರೆದು ಊಟಕ್ಕೆ ಎಲೆ ಹಾಕುತ್ತಿದ್ದಳು.